ನಲವತ್ತೊಂದನೇ ನಿಮಿಷದ ಮಳೆ

ಎರಡು ಟಿ.ವಿ. ಅಕ್ಕಪಕ್ಕ, ಅವುಗಳ ಕೆಳಗೆ ಒಂದರ ಮೇಲೊಂದು ನಾಲ್ಕು ಪ್ಲೇಯರ್, ಎದುರಿಗೆ ಒಂದು ಕುರ್ಚಿ, ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ. ಹಳೆಯ ಸಿನಿಮಾಗಳನ್ನು ಚೊಕ್ಕಟ ಮಾಡಿ, ಮನೆಯಲ್ಲಿ ನೋಡುವವರಿಗೆ ಹೊಸ ಡಿಸ್ಕ್ ತರುವ ಆಫೀಸು ನಮ್ಮದು. ಅದರ ಎರಡನೇ ಮಹಡಿಯ ಮೂಲೆಯಲ್ಲಿ ಇದು ನನ್ನ ಕೋಣೆ. ಮೊದಲು ಅಲ್ಲಿ ಪೊರಕೆ, ಬಕೆಟ್ಟು ಇಡುತ್ತಿದ್ದರಂತೆ. ಫಿನಾಯಿಲ್ ವಾಸನೆ ಪೂರ್ತಿ ಹೋಗಿರಲಿಲ್ಲ.

ಅಲ್ಲಿಗೆ ಬರುವ ಮುಂಚೆ ಎರಡು ವರ್ಷ ಕೆಳಗಡೆ ಪ್ಯಾಕಿಂಗ್‌ನಲ್ಲಿದ್ದೆ. ಡಿಸ್ಕನ್ನು ಡಬ್ಬಿಗೆ ಕೂರಿಸುವುದು, ಕವರ್ ತೂರಿಸುವುದು, ಪ್ಲಾಸ್ಟಿಕ್ ಹೊದಿಸುವುದು. ಒಂದು ದಿನ ಹೊಸ ಕವರುಗಳ ಕಟ್ಟು ಬಿಚ್ಚಿದಾಗ ನಾಯಕನ ಅಂಗಿಯ ಜೇಬು ಬಲಗಡೆ ಕಾಣಿಸಿತು. ಗಡಿಯಾರವೂ ಬಲಗೈಯಲ್ಲಿ. ಫೋಟೋ ತಿರುಗಿಸಿ ಅಚ್ಚು ಹಾಕಿಬಿಟ್ಟಿದ್ದರು. ಬಾಯಿಬಿಟ್ಟು ಹೇಳುವುದು ನನ್ನಿಂದಾಗದೆ ಒಂದು ಚೀಟಿ ಬರೆದು, ಕವರಿನ ಜೊತೆ ಮೇಲೆ ಕಳಿಸಿದೆ. ಹತ್ತು ನಿಮಿಷಕ್ಕೆ ಮೇಡಂ ಕೆಳಗಿಳಿದು ಬಂದರು. ಆಫೀಸು ಅವರದೇ.

“ಈ ಚೀಟಿ ಬರೆದಿದ್ದು ಯಾರು?”

ಎಲ್ಲರೂ ನನ್ನ ಕಡೆ ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ.

“ಎಷ್ಟನೇ ಕ್ಲಾಸು ಓದಿದೀಯಾ?”

“ಎಂಟು.”

“ಕಣ್ಣು ಓದಿದೆಯಲ್ಲ, ಸಾಕು. ಮೇಲೆ ಬಾ. ಮೂರು ತಿಂಗಳು ನೋಡೋಣ. ಆಗಲಿಲ್ಲ ಅಂದ್ರೆ ವಾಪಸ್ ಇಲ್ಲಿಗೇ.”

ಮೇಲಿನ ಕೆಲಸ ಹುಟ್ಟಿದ್ದು ಒಬ್ಬ ಗಿರಾಕಿಯ ಕಾಗದದಿಂದ. ‘ನಿಮ್ಮ ಹೊಸ ಡಿಸ್ಕಿಗಿಂತ ನನ್ನ ಹತ್ತಿರ ಇರೋ ಹಳೇ ಟೇಪೇ ವಾಸಿ’ ಎಂದು ಆತ ಬರೆದಿದ್ದ. ಮೇಡಂ ಸಿಟ್ಟು ಮಾಡಿಕೊಂಡು, ಆ ಟೇಪ್ ತರಿಸಿ ನೋಡಿದರೆ, ವಾಸಿಯೇ ಇತ್ತು. ಅಂದಿನಿಂದ ಒಂದು ನಿಯಮ ಮಾಡಿದರು. ಯಾವುದೇ ಸಿನಿಮಾ ಕೈಗೆತ್ತಿಕೊಳ್ಳುವ ಮೊದಲು, ಅದು ಮನೆಗಳಿಗೆ ಈವರೆಗೆ ಯಾವ ಯಾವ ರೂಪದಲ್ಲಿ ಬಂದಿದೆಯೋ ಎಲ್ಲವನ್ನೂ ತರಿಸಿ ನೋಡಿ ಒಂದು ಹಾಳೆ ತುಂಬಬೇಕು. ಕೆಲಸ ಮುಗಿದ ಮೇಲೆ ಅವೆಲ್ಲದರ ಪಕ್ಕ ನಮ್ಮದನ್ನು ಇಟ್ಟು ಇನ್ನೊಂದು ಹಾಳೆ ತುಂಬಬೇಕು. ಎರಡನೇ ಹಾಳೆಯ ಕೆಳಗೆ ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದ ಮೇಲೆಯೇ ಡಿಸ್ಕ್ ಅಚ್ಚಿಗೆ ಹೋಗುವುದು. ಸಹಿ ಹಾಕಬೇಕಾದವಳು ನಾನು.

ನನಗೆ ಸಿಕ್ಕ ಮೊದಲ ಸಿನಿಮಾ ಕಪ್ಪು ಬಿಳುಪಿನದು. ಮೂರು ರೂಪದಲ್ಲಿ ಬಂದಿತ್ತು: ಟೇಪು, ವಿ.ಸಿ.ಡಿ., ಆಮೇಲೆ ಒಂದು ಡಿ.ವಿ.ಡಿ. ಒಂದೇ ಸಿನಿಮಾವನ್ನು ಮೂರು ಸಲ ನೋಡಬೇಕಲ್ಲ ಅಂತ ಬೇಸರ ಪಟ್ಟುಕೊಂಡೇ ಕುಳಿತೆ. ನೋಡುತ್ತ ನೋಡುತ್ತ ಇವು ಮೂರು ಬೇರೆ ಬೇರೆ ಸಿನಿಮಾಗಳೇನೋ ಅನ್ನಿಸಿತು. ಟೇಪಿನಲ್ಲಿ ಚಿತ್ರದ ಎರಡೂ ಪಕ್ಕ ಕತ್ತರಿಸಿಹೋಗಿತ್ತು. ಮೇಜಿನ ತುದಿಯಲ್ಲಿ ಕುಳಿತವನ ಕೈ ಮಾತ್ರ ಬಂದು ಲೋಟ ಎತ್ತಿಕೊಂಡು ಹೋಗುತ್ತಿತ್ತು, ಆ ಕೈ ಯಾರದೆಂದು ಗೊತ್ತಾಗುತ್ತಿರಲಿಲ್ಲ. ವಿ.ಸಿ.ಡಿ.ಯಲ್ಲಿ ಹೊಗೆ ಎದ್ದರೆ ಚೌಕ ಚೌಕ ಇಟ್ಟಿಗೆಯ ಹಾಗೆ ಎದ್ದು ಮೇಲೆ ಹೋಗುತ್ತಿತ್ತು. ಮಾತೆಲ್ಲ ಕೊಡದೊಳಗಿಂದ ಬಂದಂತೆ. ಡಿ.ವಿ.ಡಿ.ಯಲ್ಲಿ ಚಿತ್ರ ಪೂರ್ತಿ ಇತ್ತು, ಲೋಟ ಎತ್ತಿಕೊಂಡವನಿಗೆ ಮುಖವೂ ಸಿಕ್ಕಿತು. ಆದರೆ ಎಲ್ಲಾ ಕಡೆ ಕತ್ತಲೆ. ಸದ್ದನ್ನು ಯಾರೋ ಎಷ್ಟು ಉಜ್ಜಿದ್ದರೆಂದರೆ, ಇಬ್ಬರು ಮಾತು ನಿಲ್ಲಿಸಿದರೆ ಟಿ.ವಿ.ಯೇ ಆರಿಹೋಯಿತೇ ಎಂದು ನೋಡಬೇಕಾಗುತ್ತಿತ್ತು.

ಹಾಳೆಯಲ್ಲಿ ಮೇಡಂ ಅಚ್ಚು ಹಾಕಿಸಿದ ಕಾಲಂಗಳಿದ್ದವು. ನಿಮಿಷ, ಚಿತ್ರ, ಬೆಳಕು, ಮಳೆ, ಸದ್ದು, ಇತರೆ. ಮಳೆಗೆ ಬೇರೆಯೇ ಕಾಲಂ ಯಾಕೆ ಎಂದು ಒಂದು ಗಳಿಗೆ ಯೋಚಿಸಿದೆ. ಮಳೆ ಬರುವ ಕಡೆ ಯಂತ್ರಕ್ಕೆ ಕಷ್ಟವಾಗುತ್ತದೇನೋ, ಮೊದಲೇ ತಿಳಿಸಬೇಕೇನೋ ಅಂದುಕೊಂಡೆ. ಇಡೀ ಸಿನಿಮಾದಲ್ಲಿ ಮಳೆ ಬಂದಿದ್ದು ಒಂದೇ ಕಡೆ. ಆ ಕಾಲಂನಲ್ಲಿ ಎಲ್ಲಾ ಕಡೆ ‘ಇಲ್ಲ’ ಎಂದು ಬರೆದು, ನಲವತ್ತೊಂದರಿಂದ ಐವತ್ತನೇ ನಿಮಿಷದ ಎದುರಿಗೆ ‘ಹೆಚ್ಚು’ ಎಂದು ಬರೆದೆ. ಸದ್ದಿನ ಕಾಲಂನಲ್ಲಿ ‘ಟೇಪಿನಲ್ಲಿ ಒಂದೇ ಸಮನೆ ಸುರ್ ಅಂತ ಸದ್ದು’ ಎಂದು ಬರೆದೆ. ಹಾಳೆಯ ಒಂದು ಪ್ರತಿ ಚಿತ್ರ ತೊಳೆಯುವ ಕೋಣೆಗೆ ಹೋಯಿತು, ಇನ್ನೊಂದು ಸದ್ದಿನ ಕೋಣೆಗೆ.

ಚಿತ್ರ ತೊಳೆಯುವವನು ನನ್ನ ದೊಡ್ಡಮ್ಮನ ಮಗ. ಅವನೇ ನನ್ನನ್ನು ಪ್ಯಾಕಿಂಗ್‌ಗೆ ಸೇರಿಸಿದ್ದು. ಎಲ್ಲರೂ ಅವನನ್ನು ಸಾಬೂನು ಎಂದೇ ಕರೆಯುವುದು, ಎಷ್ಟು ತೊಳೆದರೂ ತೃಪ್ತಿಯಿಲ್ಲ ಅಂತ. ನನಗೆ ಅವನಿಟ್ಟ ಹೆಸರು ಸುಮ್ನಿ, ಯಾವಾಗಲೂ ಸುಮ್ಮನಿರುತ್ತೇನೆ ಅಂತ. ಸಿನಿಮಾವನ್ನು ಒಂದೊಂದೇ ಚಿತ್ರವಾಗಿ ಕಂಪ್ಯೂಟರಿನಲ್ಲಿ ನಿಲ್ಲಿಸಿ ಕಲೆ, ಗೀರು, ಕೂದಲು ತೆಗೆಯುವುದು ಅವನ ಕೆಲಸ. ಸದ್ದು ಹಾಕಿಕೊಳ್ಳುವುದೇ ಇಲ್ಲ. ಅವನ ಪಕ್ಕದ ಕೋಣೆಯಲ್ಲಿ ಕಿವಿ ಮಾಸ್ತರು. ವಯಸ್ಸಾದವರು, ಸದ್ದು ತೊಳೆಯುವವರು. ಅವರು ಪರದೆಗೆ ಟವೆಲ್ ಹೊದಿಸಿ, ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದರು. ಚಹಾದ ಹೊತ್ತಿಗೆ ಇಬ್ಬರಿಗೂ ದಿನಾ ಒಂದು ಸುತ್ತು ಆಗಲೇಬೇಕು.

“ಏನು ಮಾಸ್ತರೇ, ನಿದ್ದೆ ಆಯ್ತಾ?” ಎಂದು ಅಣ್ಣ ಶುರು ಮಾಡುತ್ತಿದ್ದ.

“ಆಯ್ತಪ್ಪ. ನಿನ್ನ ಮೂಕಿ ಸಿನಿಮಾ ಎಲ್ಲಿವರೆಗೆ ಬಂತು?”

ಆ ಸಿನಿಮಾ ತೊಳೆದು ಮುಗಿಯಲು ಹನ್ನೊಂದು ವಾರ ಹಿಡಿಯಿತು. ಅಷ್ಟು ದಿನ ನಾನು ಬೇರೆ ಡಿಸ್ಕುಗಳ ಕವರಿನ ಹಿಂದಿನ ಬರಹದಲ್ಲಿ ತಪ್ಪು ಹುಡುಕುತ್ತ ಕುಳಿತಿದ್ದೆ. ನನ್ನ ಮೂರು ತಿಂಗಳು ಮುಗಿಯಲು ಒಂದು ವಾರ ಇತ್ತು. ಒಂದು ಬುಧವಾರ ಬೆಳಿಗ್ಗೆ ತೊಳೆದ ಸಿನಿಮಾ ನನ್ನ ಕೋಣೆಗೆ ಬಂತು. ಗುರುವಾರ ಸಂಜೆ ಐದಕ್ಕೆ ಸಹಿ ಆಗಬೇಕು, ಶುಕ್ರವಾರ ಅಚ್ಚಿಗೆ.

ಎಡಗಡೆ ಟಿ.ವಿ.ಯಲ್ಲಿ ಹಳೆಯ ಡಿ.ವಿ.ಡಿ., ಬಲಗಡೆ ನಮ್ಮದು. ನಮ್ಮದು ಬೆಳಗುತ್ತಿತ್ತು. ಕತ್ತಲೆಯಲ್ಲಿ ಮುಳುಗಿದ್ದ ಗೋಡೆಗಳ ಮೇಲೆ ಕ್ಯಾಲೆಂಡರ್ ಇದ್ದದ್ದು, ಮುದುಕನ ಕೋಟಿಗೆ ಎರಡು ಬಗೆಯ ಗುಂಡಿಗಳಿದ್ದದ್ದು ಈಗ ಕಂಡವು. ಮನಸ್ಸು ತುಂಬಿತು. ನಲವತ್ತೊಂದನೇ ನಿಮಿಷ ಬಂತು.

ಅಲ್ಲಿನ ಕಥೆ ಇಷ್ಟು. ಜಗಳವಾಡಿ ಮನೆ ಬಿಟ್ಟು ಹೋದ ತಮ್ಮ, ತಾಯಿ ಸತ್ತಾಗಲೂ ಬಾರದವನು, ಎಷ್ಟೋ ವರ್ಷದ ಮೇಲೆ ಅಕ್ಕನ ಮನೆಯ ಎದುರಿಗೆ ಬಂದು ನಿಲ್ಲುತ್ತಾನೆ. ಕರಿ ಕೋಟು, ಟೋಪಿ. ಅಕ್ಕ ಬಾಗಿಲು ತೆಗೆಯುವುದಿಲ್ಲ. ಒಳಗೆ ಕೋಣೆಯಲ್ಲಿ ನಿಂತು ಕಿಟಕಿಯಿಂದ ಅವನನ್ನೇ ನೋಡುತ್ತಾಳೆ. ನಾವು ಅವಳ ಬೆನ್ನ ಹಿಂದಿನಿಂದ ನೋಡುತ್ತೇವೆ. ಒಂದು ಸಲ ಕಿಟಕಿಯ ಗಾಜಿನ ಬಾಗಿಲು ಮುಚ್ಚುತ್ತಾಳೆ, ಆದರೂ ಅಲ್ಲಿಂದ ಕದಲುವುದಿಲ್ಲ. ಒಂಬತ್ತು ನಿಮಿಷ ಯಾರೂ ಮಾತಾಡುವುದಿಲ್ಲ. ಕೊನೆಗೆ ಬಾಗಿಲು ತೆಗೆದು “ಕಾಲು ಒರೆಸ್ಕೊಂಡು ಬಾ” ಎನ್ನುತ್ತಾಳೆ. ಅಷ್ಟೇ.

ಎಡಗಡೆ ಟಿ.ವಿ.ಯಲ್ಲಿ ಅವನು ಮಳೆಯಲ್ಲಿ ನಿಂತಿದ್ದ. ಬಲಗಡೆ ಸುಮ್ಮನೆ ನಿಂತಿದ್ದ.

ಬಸ್ಸಿಗೆ ಕಾಯುವವನ ಹಾಗೆ ಇದ್ದ. ಅಕ್ಕ ಯಾಕೆ ಅಷ್ಟು ಹೊತ್ತು ನೋಡಿದಳು, ಆಮೇಲೆ ಯಾಕೆ ಮನಸ್ಸು ಬದಲಿಸಿದಳು, ಒಂದೂ ತಿಳಿಯುವಂತಿರಲಿಲ್ಲ. ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಆಮೇಲೆ ಅಣ್ಣನ ಕೋಣೆಯ ಬಾಗಿಲಲ್ಲಿ ನಿಂತೆ.

“ಅಣ್ಣ, ನಲವತ್ತೊಂದನೇ ನಿಮಿಷದಲ್ಲಿ ಮಳೆ ಇತ್ತಲ್ಲ?”

ಅವನ ಮುಖ ಅರಳಿತು. “ಇತ್ತು. ಈಗ ಒಂದು ಹನಿ ಹುಡುಕು ನೋಡೋಣ. ನೀನು ‘ಹೆಚ್ಚು’ ಅಂತ ಬರೆದಿದ್ದೆಯಲ್ಲ, ಆ ಒಂಬತ್ತು ನಿಮಿಷಕ್ಕೆ ಗಟ್ಟಿ ಸೋಪೇ ಹಾಕಿದೆ. ಯಂತ್ರಕ್ಕೆ ಬಿಟ್ಟು ಊಟಕ್ಕೆ ಹೋದೆ, ಬರೋ ಹೊತ್ತಿಗೆ ಕ್ಲೀನು.”

“ಮಳೆ ಅಂದ್ರೆ...”

“ಮಳೆ ಅಂದ್ರೆ ಗೀರು ಕಣೆ. ಪ್ರಿಂಟು ಓಡಿ ಓಡಿ ಸವೆದು, ಮೇಲಿಂದ ಕೆಳಗೆ ಬಿಳಿ ಗೆರೆ ಬೀಳುತ್ತಲ್ಲ, ಅದು. ಸಿನಿಮಾ ಕೆಲಸದವರೆಲ್ಲ ಹಾಗೇ ಅನ್ನೋದು. ಯಾಕೆ, ಇಷ್ಟು ದಿನ ನೀನೇನು ಅಂದ್ಕೊಂಡಿದ್ದೆ, ಛತ್ರಿ ಹಿಡಿಯೋ ಮಳೇನಾ?”

ಅವನು ನಕ್ಕ. ನಾನೂ ನಕ್ಕೆ. ನಕ್ಕು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ.

ಫೈಲು ತೆಗೆದು ಮೊದಲ ಹಾಳೆ ನೋಡಿದೆ. ‘ಹೆಚ್ಚು’. ನನ್ನ ಅಕ್ಷರ ದುಂಡಗೆ, ಧೈರ್ಯವಾಗಿ ಕುಳಿತಿತ್ತು. ಬಾಯಲ್ಲಿ ಹೇಳಿದ್ದರೆ ಯಾರಾದರೂ “ಏನಂದೆ?” ಎಂದು ಕೇಳುತ್ತಿದ್ದರು. ಹಾಳೆಯನ್ನು ಯಾರೂ ಕೇಳಿರಲಿಲ್ಲ.

ಕುಳಿತು ಯೋಚಿಸಿದಷ್ಟೂ ಇನ್ನೊಂದು ಅನುಮಾನ ಹುಟ್ಟಿತು. ಅಲ್ಲಿ ನಿಜಕ್ಕೂ ಮಳೆ ಬಂದಿತ್ತೇ? ಗೀರಿಗೂ ಮಳೆ ಎನ್ನುತ್ತಾರೆ ಎಂದರೆ, ಅವೆರಡು ಅಷ್ಟು ಒಂದೇ ಥರ ಕಾಣುತ್ತವೆ ಎಂದೇ ಅರ್ಥ. ನಾನು ಗೀರನ್ನೇ ಮಳೆ ಅಂದುಕೊಂಡಿದ್ದರೆ ಅಣ್ಣ ಮಾಡಿದ್ದು ಸರಿ, ಸಹಿ ಹಾಕಿ ಮನೆಗೆ ಹೋಗಬಹುದು. ನಿಜವಾದ ಮಳೆಯಾಗಿದ್ದರೆ, ಅದನ್ನು ಸಿನಿಮಾದಿಂದ ಅಳಿಸಿಹಾಕಿದವಳು ನಾನು. ಮೇಡಂಗೆ ಹೇಳಿದರೆ ನೇರ ಪ್ಯಾಕಿಂಗ್. ಹೇಳದೆ ಸಹಿ ಹಾಕಿದರೆ ಆ ತಮ್ಮ ಸಾವಿರಾರು ಮನೆಗಳಲ್ಲಿ ಬಸ್ಸಿಗೆ ಕಾಯುತ್ತ ನಿಲ್ಲುತ್ತಾನೆ. ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಅದು ನೀರೋ ಗೀರೋ ಎಂದು ತಿಳಿಯದೆ ಇರಲು ನನಗೆ ಆಗುತ್ತಿರಲಿಲ್ಲ.

ಸಂಜೆ ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಆ ಸಿನಿಮಾವನ್ನು ಅವಳು ಚಿಕ್ಕವಳಿದ್ದಾಗ ಟಾಕೀಸಿನಲ್ಲಿ ನೋಡಿದ್ದಳು.

“ಅಮ್ಮ, ತಮ್ಮ ಬಂದು ಮನೆ ಎದುರಿಗೆ ನಿಂತ್ಕೋತಾನಲ್ಲ, ಆಗ ಮಳೆ ಬರ್ತಿರುತ್ತಾ?”

“ಬರ್ತಿತ್ತು.”

“ಖಂಡಿತಾನಾ?”

“ಆ ಟಾಕೀಸಲ್ಲಿ ಯಾವ ಸಿನಿಮಾ ಹಾಕಿದ್ರೂ ಮಳೇನೇ ಕಣೆ. ಮರಳುಗಾಡಲ್ಲಿ ಒಂಟೆ ಮೇಲೆ ಹೋಗೋರಿಗೂ ಮಳೆ. ಅಷ್ಟು ಸವೆದ ಪ್ರಿಂಟು ತರ್ತಿದ್ದ ಪುಣ್ಯಾತ್ಮ.”

ಈ ಪದ ಅಮ್ಮನಿಗೂ ಗೊತ್ತಿತ್ತು. ನನ್ನೊಬ್ಬಳನ್ನು ಬಿಟ್ಟು ಲೋಕಕ್ಕೆಲ್ಲ ಗೊತ್ತಿತ್ತು.

“ಮತ್ತೆ ಅಕ್ಕ ಬಾಗಿಲು ಯಾಕೆ ತೆಗೀತಾಳೆ?”

“ತಮ್ಮ ಅಲ್ವಾ, ತೆಗೀದೆ ಏನು ಮಾಡ್ತಾಳೆ? ಆ ಕಡೆ ತುದಿ ಹಿಡ್ಕೋ.” ದುಪ್ಪಟಿಯ ಒಂದು ತುದಿ ನನ್ನ ಕೈಗೆ ಕೊಟ್ಟಳು.

“ಕಾಲು ಒರೆಸ್ಕೊಂಡು ಬಾ ಅಂತಾಳಲ್ಲ, ಕೆಸರಾಗಿರುತ್ತೆ ಅಂತ ಅಲ್ವಾ?”

“ಧೂಳಿದ್ರೂ ನಾನು ನಿಂಗೆ ದಿನಾ ಅದನ್ನೇ ತಾನೆ ಹೇಳೋದು. ನೀನು ಕೇಳಿದ್ದು ಯಾವತ್ತು?”

ಗುರುವಾರ ಎಂಟು ಗಂಟೆಗೇ ಆಫೀಸಿಗೆ ಹೋದೆ. ಮೂರು ಹಳೆಯ ರೂಪಗಳನ್ನೂ ಆ ಒಂಬತ್ತು ನಿಮಿಷಕ್ಕೆ ತಂದು ನಿಲ್ಲಿಸಿದೆ. ಗೆರೆಗಳು ಮೂರರಲ್ಲೂ ಇದ್ದವು. ಮೂರಕ್ಕೂ ಮೂಲ ಒಂದೇ ಸವೆದ ಪ್ರಿಂಟಾಗಿದ್ದರೆ ಮೂರರಲ್ಲೂ ಇರಲೇಬೇಕು, ಹಾಗಾಗಿ ಅದರಿಂದ ಏನೂ ಸಾಬೀತಾಗುವುದಿಲ್ಲ. ಕೋಟು ಕರಿಯದು, ನೆಂದಿದೆಯೋ ಇಲ್ಲವೋ ಹೇಳುವಂತಿಲ್ಲ. ಬೀದಿಯ ಕಲ್ಲು ಹೊಳೆಯುತ್ತಿತ್ತು. ಆದರೆ ಚೆನ್ನಾಗಿ ಕಾಣಲಿ ಅಂತ ಹಳೆಯ ಸಿನಿಮಾದವರು ಬೀದಿಗೆ ನೀರು ಹೊಡೆಸಿಯೇ ಚಿತ್ರ ತೆಗೆಯುತ್ತಿದ್ದರೆಂದು ಕಿವಿ ಮಾಸ್ತರು ಯಾವತ್ತೋ ಹೇಳಿದ್ದರು.

ಗೀರು ಎಲ್ಲಿರುತ್ತದೆ ಎಂದು ಯೋಚಿಸಿದೆ. ಅದು ಪ್ರಿಂಟಿನ ಮೇಲಿರುತ್ತದೆ. ಅದಕ್ಕೆ ಬೀದಿ ಯಾವುದು, ಕೋಣೆ ಯಾವುದು ಎಂದು ಗೊತ್ತಿಲ್ಲ. ಅಕ್ಕನ ಬೆನ್ನ ಮೇಲೂ ಬೀಳುತ್ತದೆ, ಗೋಡೆಯ ಮೇಲೂ ಬೀಳುತ್ತದೆ. ಮಳೆಯಾದರೆ ಕಿಟಕಿಯ ಆಚೆಗೇ ನಿಲ್ಲಬೇಕು. ಇದು ಹೊಳೆದಾಗ ಕುರ್ಚಿಯ ತುದಿಗೆ ಬಂದಿದ್ದೆ. ಟೇಪು ನೋಡಿದೆ. ಪಕ್ಕ ಕತ್ತರಿಸಿದ್ದರಿಂದ ಬರೀ ಕಿಟಕಿ ಇತ್ತು, ಗೋಡೆಯೇ ಇರಲಿಲ್ಲ. ವಿ.ಸಿ.ಡಿ. ಅದೇ ಟೇಪಿನಿಂದ ಮಾಡಿದ್ದು, ಅಲ್ಲೂ ಇಲ್ಲ. ಡಿ.ವಿ.ಡಿ.ಯಲ್ಲಿ ಗೋಡೆ ಇತ್ತು, ಆದರೆ ಪೂರ್ತಿ ಕಪ್ಪು. ಟಿ.ವಿ.ಯ ಬೆಳಕನ್ನು ಒಂದೊಂದೇ ಹಂತ ಏರಿಸುತ್ತ ಹೋದೆ. ಕಿಟಕಿ ಬೆಳ್ಳಗೆ ಉರಿಯತೊಡಗಿತು. ಕಪ್ಪು ಬೂದಿಯಾಯಿತು, ಬೂದಿಯೊಳಗಿಂದ ಗೋಡೆ ಬಂತು.

ಗೋಡೆಯ ಮೇಲೆ ಗೆರೆ ಇತ್ತು. ಎರಡು ಗೆರೆ, ಮೇಲಿಂದ ಕೆಳಗೆ.

ಹಾಗಾದರೆ ಗೀರೇ. ಅಣ್ಣನೇ ಸರಿ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಮಳೆಯಲ್ಲಿ ನಿಂತವನನ್ನು ನೋಡಿದ್ದೇನೆ ಎಂದು ನನಗೆ ಅಷ್ಟು ಖಾತ್ರಿಯಿತ್ತು. ಡಿಸ್ಕನ್ನು ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದೆ. ಗೋಡೆಯ ಎರಡು ಗೆರೆ ಇದ್ದಲ್ಲೇ ಇದ್ದವು. ಸ್ವಲ್ಪ ನಡುಗಿದವು, ಜಾಗ ಬಿಡಲಿಲ್ಲ. ಕಿಟಕಿಯೊಳಗಿನ ಗೆರೆಗಳು ಪ್ರತಿ ಚಿತ್ರಕ್ಕೂ ಬೇರೆ ಬೇರೆ. ಇಲ್ಲಿದ್ದದ್ದು ಅಲ್ಲಿ, ಅಲ್ಲಿದ್ದದ್ದು ಇಲ್ಲವೇ ಇಲ್ಲ. ಆ ಹೊತ್ತಿಗೆ ಕ್ಯಾಮೆರಾ ನಿಧಾನವಾಗಿ ಎಡಕ್ಕೆ ಸರಿಯುತ್ತದೆ. ಗೋಡೆಯ ಗೆರೆಗಳು ಕ್ಯಾಮೆರಾದ ಜೊತೆಗೇ ಬಂದು ಅಕ್ಕನ ಬೆನ್ನನ್ನು ದಾಟಿ ಕಿಟಕಿಯ ಮೇಲೂ ಬಂದವು. ಕಿಟಕಿಯ ಗೆರೆಗಳಲ್ಲಿ ಒಂದೇ ಒಂದು ಕೂಡ ಕೋಣೆಯೊಳಗೆ ಬರಲಿಲ್ಲ.

ಅಲ್ಲಿ ಗೀರೂ ಇತ್ತು, ಮಳೆಯೂ ಇತ್ತು.

ಆದರೂ ನನ್ನ ಕಣ್ಣೊಂದನ್ನೇ ನಂಬಿಕೊಂಡು ಮೇಡಂ ಎದುರು ನಿಲ್ಲಲು ಧೈರ್ಯ ಬರಲಿಲ್ಲ. ಸದ್ದು ಏನು ಹೇಳುತ್ತದೋ ನೋಡೋಣ ಎಂದುಕೊಂಡೆ. ಡಿ.ವಿ.ಡಿ.ಯಲ್ಲಿ ಸದ್ದನ್ನು ಉಜ್ಜಿ ಹಾಕಿದ್ದರು, ವಿ.ಸಿ.ಡಿ. ಬರೀ ಕೊಡ. ಉಳಿದದ್ದು ಟೇಪು. ಹೆಡ್‌ಫೋನ್ ಹಾಕಿಕೊಂಡು, ಮಾಸ್ತರ ಹಾಗೆ ಕಣ್ಣು ಮುಚ್ಚಿ ಕೇಳಿದೆ. ಸುರ್ ಎನ್ನುವ ಸದ್ದು ಒಂದೇ ಸಮನೆ ಇತ್ತು. ಒಂದು ಕಡೆ ಟಪ್ ಎಂದು ಏನೋ ಮುಚ್ಚಿತು, ಸುರ್ ಅರ್ಧಕ್ಕೆ ಇಳಿಯಿತು. ಕಣ್ಣು ಬಿಟ್ಟು ನೋಡಿದರೆ ಅಕ್ಕ ಗಾಜಿನ ಬಾಗಿಲು ಮುಚ್ಚಿದ್ದಳು. ಮೂರು ಸಲ ಕೇಳಿ ಮಾಸ್ತರ ಕೋಣೆಗೆ ಹೋದೆ.

“ಮಾಸ್ತರೇ, ಟೇಪಿಗೆ ಸುರ್ ಅಂತ ಸದ್ದಿರುತ್ತಲ್ಲ. ಸಿನಿಮಾದಲ್ಲಿ ಯಾರಾದ್ರೂ ಕಿಟಕಿ ಮುಚ್ಚಿದ್ರೆ ಅದು ಕಮ್ಮಿ ಆಗುತ್ತಾ?”

ಅವರು ಕಣ್ಣು ತೆರೆಯದೆ ನಕ್ಕರು. “ಕಿಟಕಿ ಮುಚ್ಚಿದ್ದು ಟೇಪಿಗೆ ಹೇಗೆ ಗೊತ್ತಾಗುತ್ತೆ ಮರಿ? ಅದು ಟೇಪಿನ ಸ್ವಂತ ಉಸಿರು.” ಆಮೇಲೆ ನಗು ನಿಂತಿತು. ಕಣ್ಣು ತೆರೆದರು. “ಯಾವ ಸಿನಿಮಾ? ಎಷ್ಟನೇ ನಿಮಿಷ?”

ಹೇಳಿದೆ. ಅವರು ಚಪ್ಪಲಿ ಹಾಕಿಕೊಂಡು ನನ್ನ ಹಿಂದೆಯೇ ಬಂದು ನನ್ನ ಕುರ್ಚಿಯಲ್ಲಿ ಕುಳಿತರು. ಟೇಪನ್ನು ಕೇಳಿಸಿದೆ. ಡಿ.ವಿ.ಡಿ.ಯ ಕಿಟಕಿ ತೋರಿಸಿದೆ. ಬಹಳ ಹೊತ್ತು ಅವರು ಆ ಚಿತ್ರವನ್ನೇ ನೋಡುತ್ತಿದ್ದರು.

“ಇವನೇನಾ ತಮ್ಮ? ನಾನು ಗಡ್ಡ ಇರುತ್ತೆ ಅಂದ್ಕೊಂಡಿದ್ದೆ.” ಹೆಡ್‌ಫೋನ್ ತೆಗೆದಿಟ್ಟು ಹೇಳಿದರು, “ಒಂಬತ್ತು ನಿಮಿಷ ಮಾತೇ ಇಲ್ವಲ್ಲ, ಬರೀ ಟೇಪಿನ ಉಸಿರಿನ ಥರ ಕಸ ಅಂತ ಒಂದೇ ಏಟಿಗೆ ಸೊನ್ನೆ ಮಾಡಿಟ್ಟೆ. ಹಾಳೇಲಿ ಸುರ್ ಅಂತ ಬೇರೆ ಇತ್ತು. ಆ ಸಾಬೂನಿಗೆ ಹೇಳಿದ್ಯಾ?”

ತಲೆಯಾಡಿಸಿದೆ, ಇಲ್ಲ ಎಂದು.

ಅವರೇ ಕರೆತಂದರು. ಅಣ್ಣ ಬಾಗಿಲಲ್ಲಿ ನಿಂತು ನೋಡಿದ. ಅವನ ಕಿವಿ ಕೆಂಪಗಾಗುತ್ತ ಬಂತು.

“ಕಿಟಕಿ ಕಡೆ ಬೆಳ್ಳಗಿದೆ, ಅದಕ್ಕೆ ಅಲ್ಲಿ ಮಾತ್ರ ಗೀರು ಎದ್ದು ಕಾಣುತ್ತೆ ಅಂದ್ಕೊಂಡೆ. ಹಾಳೆ ನಿಂದು ಸುಮ್ನಿ. ನೀನು ಬರೆದಿದ್ದಕ್ಕೆ ಮಾಡಿದ್ದು ನಾನು.”

“ನಂದೇ ಅಣ್ಣ.”

“ಮೂರು ತಿಂಗಳು ಕತ್ತು ಮುರ್ಕೊಂಡು ತೊಳೆದಿದೀನಿ. ಈಗ ಹೇಳ್ತೀಯಲ್ಲ.”

ನಾನು ಟೇಪನ್ನು ಸದ್ದಿನ ಸಮೇತ ನಲವತ್ತೊಂದನೇ ನಿಮಿಷದಿಂದ ಹಾಕಿದೆ. ಅವನು ಹೋಗಲು ತಿರುಗಿದವನು, ಸುರ್ ಕೇಳಿ ನಿಂತ. ಒಂಬತ್ತು ನಿಮಿಷವೂ ನಿಂತಿದ್ದ. ‘ಕಾಲು ಒರೆಸ್ಕೊಂಡು ಬಾ’ ಎಂಬಲ್ಲಿ ಮೆಲ್ಲಗೆ ಕೇಳಿದ, “ಇವಳು ಅವನ ಹೆಂಡ್ತಿ ಅಲ್ವಾ?”

“ಅಕ್ಕ ಕಣೋ,” ಎಂದರು ಮಾಸ್ತರು. “ಕಿವಿ ಇಟ್ಕೊಂಡು ಏನು ಪ್ರಯೋಜನ?”

“ನೀವು ಗಡ್ಡ ಇದೆ ಅಂದ್ಕೊಂಡಿದ್ರಂತೆ, ಈಗ ತಾನೆ ಬರ್ತಾ ಹೇಳಿದ್ರಿ.”

ಗಂಟೆ ನಾಲ್ಕೂವರೆ. ಎರಡನೇ ಹಾಳೆ ತೆಗೆದುಕೊಂಡೆ. ‘ಸರಿ ಇದೆ’ ಎನ್ನುವ ಜಾಗದಲ್ಲಿ ಬರೆದೆ: ‘ಸರಿ ಇಲ್ಲ. ನಲವತ್ತೊಂದರಿಂದ ಐವತ್ತನೇ ನಿಮಿಷದ ಮಳೆ ನಿಜವಾದದ್ದು. ನನ್ನ ಮೊದಲ ಹಾಳೆಯ ತಪ್ಪಿನಿಂದ ಹೋಗಿದೆ.’ ಸಹಿ ಹಾಕಿ, ಹಾಳೆಯನ್ನು ಬಾಗಿಲ ಕೆಳಗಿನಿಂದ ತೂರಿಸಿಬಿಡೋಣ ಎಂದು ಮೇಡಂ ಕೋಣೆಯವರೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅವರು ಕೈ ಚಾಚಿದರು.

ಓದಿದರು. ಎದ್ದು ನನ್ನ ಕೋಣೆಗೆ ಬಂದರು. ಎರಡು ಟಿ.ವಿ.ಯನ್ನೂ ನೋಡಿದರು, ಹೆಡ್‌ಫೋನ್ ಹಾಕಿಕೊಂಡು ಕಿಟಕಿ ಮುಚ್ಚುವುದನ್ನು ಕೇಳಿದರು. ಬಾಗಿಲ ಹೊರಗೆ ಅಣ್ಣ, ಮಾಸ್ತರು ಇಬ್ಬರೂ ನಿಂತಿದ್ದರು.

“ಗೊತ್ತಿಲ್ಲದ ಪದ ಇದ್ರೆ ಕೇಳೋಕೆ ಆಗಲ್ವಾ?” ಎಂದರು ಮೇಡಂ.

ಇದಕ್ಕೆ ಚೀಟಿ ಬರೆಯುವಂತಿರಲಿಲ್ಲ. “ಗೊತ್ತಿಲ್ಲ ಅನ್ನೋದೇ ನಂಗೆ ಗೊತ್ತಿರಲಿಲ್ಲ ಮೇಡಂ. ಮಳೆ ಅಂದ್ರೆ ಏನು ಅಂತ ಗೊತ್ತಿತ್ತು.”

ಅವರು ಮೊದಲ ಹಾಳೆಯನ್ನು ಎತ್ತಿಕೊಂಡು, ನನ್ನ ‘ಹೆಚ್ಚು’ ನೋಡಿದರು, ಅದರ ಮೇಲೆ ಅಚ್ಚಾಗಿದ್ದ ‘ಮಳೆ’ ನೋಡಿದರು.

“ಈ ಕಾಲಂಗೆ ಈ ಹೆಸರು ಹಾಕಿದ ಜಾಣೆ ನಾನೇ,” ಎಂದರು. ಆಮೇಲೆ ಹೊರಗೆ ತಿರುಗಿ, “ತೊಳೆಯೋಕೆ ಮುಂಚಿನದು ಇದೆಯೇನಪ್ಪ?”

“ಇದೆ ಮೇಡಂ. ಮೂಲ ಹಾಗೇ ಇಟ್ಟಿದೀನಿ.”

“ನನ್ನದೂ ಇದೆ,” ಎಂದರು ಮಾಸ್ತರು.

“ಎರಡು ವಾರ ಮುಂದಕ್ಕೆ ಹಾಕ್ತೀನಿ. ಗೀರು ಹೋಗಬೇಕು, ಮಳೆ ಉಳೀಬೇಕು. ಯಂತ್ರಕ್ಕೆ ಅದು ಗೊತ್ತಾಗಲ್ಲ, ಇವಳಿಗೆ ಗೊತ್ತಾಗುತ್ತೆ. ಇವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೈಯಲ್ಲಿ ಮಾಡು.”

ಒಂಬತ್ತು ನಿಮಿಷ ಎಂದರೆ ಸುಮಾರು ಹದಿಮೂರು ಸಾವಿರ ಚಿತ್ರ. ಮೊದಲ ದಿನ ಅಣ್ಣ ನನ್ನ ಜೊತೆ ಮಾತಾಡಲಿಲ್ಲ. ನಾನು ಪರದೆಗೆ ಬೆರಳು ತೋರಿಸುತ್ತಿದ್ದೆ, ಅವನು ಒರೆಸುತ್ತಿದ್ದ. ಎರಡನೇ ದಿನ ಬೆರಳು ಸಾಕಾಗಲಿಲ್ಲ, ಬಾಯಿಬಿಡಲೇಬೇಕಾಯಿತು. ಗೀರು. ನೀರು. ನೀರು. ಗೀರು. ಮಧ್ಯಾಹ್ನದ ಹೊತ್ತಿಗೆ ಅವನೂ ಶುರು ಮಾಡಿದ, “ಇದು?”, “ನೀರು.” “ಇದು?”, “ಅದು ಕೂದಲು.” ಅವನು ಹೆಡ್‌ಫೋನ್ ಹಾಕಿಕೊಂಡು ಸದ್ದಿನ ಸಮೇತ ಕೆಲಸ ಮಾಡತೊಡಗಿದ್ದನ್ನು ನೋಡಿದೆ. ಚಹಾದ ಹೊತ್ತಿಗೆ ಮಾಸ್ತರು ಇಣುಕಿ, “ಹೆಂಡ್ತಿ ಬಾಗಿಲು ತೆಗೆದ್ಲಾ?” ಎಂದು ಕೇಳಿ ಹೋಗುತ್ತಿದ್ದರು.

ಕೊನೆಯ ದಿನ ಒಂದೇ ಒಂದು ಗೆರೆಯಲ್ಲಿ ಸಿಕ್ಕಿಕೊಂಡೆವು. ಒಂದು ಚಿತ್ರದಲ್ಲಿ ಮಾತ್ರ ಇತ್ತು. ಅರ್ಧ ಕಿಟಕಿಯ ಮೇಲೆ, ತುದಿ ಅದರ ಚೌಕಟ್ಟಿನ ಮೇಲೆ ಒಂದು ಕೂದಲೆಳೆಯಷ್ಟು. ಚೌಕಟ್ಟಿಗೆ ತಾಗಿ ಸಿಡಿದ ಹನಿಯಿರಬಹುದು, ಚಿಕ್ಕ ಗೀರಿರಬಹುದು. ಹತ್ತು ಸಲ ಹಿಂದೆ ಮುಂದೆ ಮಾಡಿದೆವು.

“ಏನಿದು ಹೇಳು ಸುಮ್ನಿ.”

“ಗೊತ್ತಾಗ್ತಿಲ್ಲ ಅಣ್ಣ.”

“ಗೊತ್ತಾಗ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ಯಲ್ಲ, ಇದು ಬರೆದಿಡೋ ದಿನ,” ಎಂದ. ಆ ಗೆರೆಯನ್ನು ಹಾಗೇ ಬಿಟ್ಟೆವು.

ಎರಡನೇ ಹಾಳೆಯನ್ನು ಮತ್ತೆ ಬರೆದು ಕೊಟ್ಟಾಗ ಮೇಡಂ ಕಾಲಂಗಳನ್ನು ಹೊಸದಾಗಿ ಅಚ್ಚು ಹಾಕಿಸಿದ್ದರು. ಮಳೆ ಇದ್ದಲ್ಲಿ ‘ಗೀರು’ ಎಂದಿತ್ತು. ನನ್ನ ಮೂರು ತಿಂಗಳು ಮುಗಿದು ಒಂದು ವಾರವಾಗಿತ್ತು, ಅವರು ಆ ಮಾತೇ ಎತ್ತಿರಲಿಲ್ಲ. ನಾನೇ ಕೇಳಬೇಕಾಯಿತು.

“ಮೇಡಂ, ನಾನು ಕೆಳಗೆ...”

“ಕೆಳಗೆ ಜಾಗ ಇಲ್ಲ. ನೀನು ಮೇಲೆ ಬಂದ ವಾರವೇ ಬೇರೆಯವಳನ್ನ ತಗೊಂಡಾಯ್ತು,” ಎಂದರು ಅವರು, ಹಾಳೆಯಿಂದ ತಲೆಯೆತ್ತದೆ.

ಡಿಸ್ಕ್ ಬಂದ ಭಾನುವಾರ ಅದನ್ನು ಮನೆಗೆ ತಂದು ಅಮ್ಮನಿಗೆ ಹಾಕಿ ತೋರಿಸಿದೆ. ಅಮ್ಮ ಕ್ಯಾಲೆಂಡರ್ ನೋಡಿ, ಕೋಟಿನ ಗುಂಡಿ ನೋಡಿ, “ಎಷ್ಟು ಚೆನ್ನಾಗಿ ಕಾಣುತ್ತೆ” ಎನ್ನುತ್ತಲೇ ಇದ್ದಳು. ನಲವತ್ತೊಂದನೇ ನಿಮಿಷ ಬಂತು.

“ಇದೇನೇ ಇದು,” ಎಂದಳು. “ಮೂರು ತಿಂಗಳು ತೊಳೆದ್ವಿ ಅಂತೀರಾ, ಇಲ್ಲಿ ಮಳೆ ಹಾಗೇ ಬಿಟ್ಟಿದೀರಲ್ಲ?”

ನಾನು ಸದ್ದು ಸ್ವಲ್ಪ ಜಾಸ್ತಿ ಮಾಡಿದೆ. ಸುರ್ ಎನ್ನುವುದು ನಮ್ಮ ಚಿಕ್ಕ ಕೋಣೆಯ ತುಂಬ ಹಬ್ಬಿತು. ಅಕ್ಕ ಕೈ ಚಾಚಿ ಗಾಜಿನ ಬಾಗಿಲು ಮುಚ್ಚಿದಳು, ಸದ್ದು ಇಳಿಯಿತು. ಗಾಜಿನ ಆಚೆ ತಮ್ಮ ಇನ್ನೂ ನಿಂತಿದ್ದ.

ಅಮ್ಮ ಮುಂದಕ್ಕೆ ಬಾಗಿದಳು. ನನಗಲ್ಲ, ಟಿ.ವಿ.ಗೆ ಹೇಳಿದಳು. “ಅಯ್ಯೋ, ನೆನೀತಿದಾನಲ್ಲೇ. ಬಾಗಿಲು ತೆಗಿ.”